ಲಿನಕ್ಸ್ ಲ್ಯಾಪ್‌ಟಾಪ್‌ನ ರೆಸಲ್ಯೂಷನ್ ತೊಂದರೆ: ಯಾವ ಪರಿಹಾರ ಯಾರಿಗೆ?

ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಪರದೆಯ ರೆಸಲ್ಯೂಷನ್ ಕೈಕೊಟ್ಟಾಗ ಅಂತರ್ಜಾಲದಲ್ಲಿ ಹುಡುಕಿದವರಿಗೆ ಮೊದಲು ಸಿಗುವ ಮದ್ದು ಸಾಮಾನ್ಯವಾಗಿ ಒಂದೇ: ಟರ್ಮಿನಲ್ ತೆರೆಯಿರಿ, ಎಕ್ಸ್‌ರ್ಯಾಂಡರ್ ಕಮಾಂಡ್ ಬಳಸಿ ಬೇಕಾದ ರೆಸಲ್ಯೂಷನ್ ಅನ್ನು ಪಟ್ಟಿಗೆ ಸೇರಿಸಿ. ಕೆಲವರಿಗೆ ಇದು ಫಲಿಸುತ್ತದೆ. ಬಹಳ ಜನರಿಗೆ ಫಲಿಸುವುದಿಲ್ಲ, ಏಕೆಂದರೆ ಅವರ ತೊಂದರೆ ಆ ಕಮಾಂಡ್ ಮುಟ್ಟುವ ಜಾಗದಲ್ಲೇ ಇರುವುದಿಲ್ಲ. ಗ್ರಾಫಿಕ್ಸ್ ಚಿಪ್ ಅನ್ನು ನಡೆಸುವ ಡ್ರೈವರ್ ಲೋಡ್ ಆಗಿಲ್ಲ, ಕೇಬಲ್ ಮಾನಿಟರ್‌ನ ಮಾಹಿತಿಯನ್ನು ತಲುಪಿಸುತ್ತಿಲ್ಲ, ಅಕ್ಷರಗಳು ಓದಲಾಗದಷ್ಟು ಸಣ್ಣದಾಗಿವೆ: ಈ ಮೂರೂ ‘ರೆಸಲ್ಯೂಷನ್ ಸರಿಯಿಲ್ಲ’ ಎಂಬ ಒಂದೇ ದೂರಾಗಿ ಬರುತ್ತವೆ. ಮೂರಕ್ಕೂ ಬೇಕಾದ ಚಿಕಿತ್ಸೆ ಮಾತ್ರ ಬೇರೆ ಬೇರೆ.

ಹಾಗಾಗಿ ಇಲ್ಲಿನ ಹೋಲಿಕೆಯ ಹಿಂದೆ ಒಂದು ಪಕ್ಷಪಾತವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೇಕಾದ ರೆಸಲ್ಯೂಷನ್ ಪಟ್ಟಿಯಲ್ಲಿ ಇಲ್ಲವೆಂದರೆ ಅದನ್ನು ಬಲವಂತವಾಗಿ ತುರುಕುವ ಮೊದಲು, ಅದು ಯಾಕಿಲ್ಲ ಎಂದು ಕೇಳಬೇಕು. ಕಾರಣ ಗೊತ್ತಾದ ಮೇಲೆ ಅರ್ಧಕ್ಕರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಆರಿಸುವ ಮೊದಲು ನೋಡಬೇಕಾದದ್ದು

ತೊಂದರೆ ಲ್ಯಾಪ್‌ಟಾಪ್‌ನ ಸ್ವಂತ ಪರದೆಯಲ್ಲಿದೆಯೋ, ಹೊರಗಿನಿಂದ ಜೋಡಿಸಿದ ಮಾನಿಟರ್‌ನಲ್ಲಿದೆಯೋ ಎಂಬುದು ಮೊದಲ ಪ್ರಶ್ನೆ. ಸ್ವಂತ ಪರದೆಯಾದರೆ ಕೇಬಲ್‌ನ ಚಿಂತೆ ಬಿಡಿ. ಅನುಮಾನ ನೇರವಾಗಿ ಡ್ರೈವರ್ ಮೇಲೆ ಹೋಗಬೇಕು. ಹೊರಗಿನ ಮಾನಿಟರ್ ಆದರೆ ಕೇಬಲ್, ಅಡಾಪ್ಟರ್, ಡಾಕ್ (ಒಂದೇ ಕೇಬಲ್‌ನಿಂದ ಹಲವು ಸಾಧನಗಳನ್ನು ಜೋಡಿಸುವ ಪೆಟ್ಟಿಗೆ) ಇವೇ ಮೊದಲ ಆರೋಪಿಗಳು.

ನಂತರ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ಪಟ್ಟಿಯನ್ನು ನೋಡಿ. ಒಂದೇ ಒಂದು ರೆಸಲ್ಯೂಷನ್ ಇದ್ದು, ಅದನ್ನು ಬದಲಿಸಲು ಅವಕಾಶವೇ ಇಲ್ಲದಿದ್ದರೆ, ಜೊತೆಗೆ ಪರದೆಯ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಕೀಲಿಗಳೂ ಸತ್ತಿದ್ದರೆ, ಗ್ರಾಫಿಕ್ಸ್ ಡ್ರೈವರ್ ಕೆಲಸ ಮಾಡುತ್ತಿಲ್ಲ ಎಂದೇ ತಿಳಿಯಬಹುದು. ಸಿಸ್ಟಂ ಮಾಹಿತಿಯ ಪುಟದಲ್ಲಿ ಗ್ರಾಫಿಕ್ಸ್ ಎಂಬುದರ ಎದುರು ‘ಎಲ್‌ಎಲ್‌ವಿಎಂಪೈಪ್’ ಎಂದು ಕಂಡರೆ ಅದು ಇನ್ನೂ ಖಚಿತ: ಚಿತ್ರ ಬಿಡಿಸುತ್ತಿರುವುದು ಗ್ರಾಫಿಕ್ಸ್ ಚಿಪ್ ಅಲ್ಲ, ಸಿಪಿಯು. ಎಕ್ಸ್11 (ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಹಳೆಯ ವ್ಯವಸ್ಥೆ; ಹೊಸದರ ಹೆಸರು ವೇಲ್ಯಾಂಡ್) ಬಳಸುವವರು ಎಕ್ಸ್‌ರ್ಯಾಂಡರ್ ಓಡಿಸಿ ಪರದೆಯ ಹೆಸರನ್ನೂ ನೋಡಬಹುದು. ಆರೋಗ್ಯವಾಗಿರುವ ವ್ಯವಸ್ಥೆಯಲ್ಲಿ ಲ್ಯಾಪ್‌ಟಾಪ್‌ನ ಪರದೆ ‘ಇಡಿಪಿ’ ಎಂಬ ಹೆಸರಿನಲ್ಲಿ, ಬಹಳ ಹಳೆಯ ಯಂತ್ರಗಳಲ್ಲಿ ‘ಎಲ್‌ವಿಡಿಎಸ್’ ಎಂಬ ಹೆಸರಿನಲ್ಲಿ ಕಾಣುತ್ತದೆ. ಬದಲಿಗೆ ‘ಡೀಫಾಲ್ಟ್’ ಅಥವಾ ‘ನನ್-1’ ಎಂದಿದ್ದರೆ ಲಿನಕ್ಸ್‌ನ ತಿರುಳಾದ ಕರ್ನಲ್ ತಾತ್ಕಾಲಿಕ ವ್ಯವಸ್ಥೆಯಲ್ಲೇ ದಿನ ದೂಡುತ್ತಿದೆ.

ಎಲ್‌ಎಸ್‌ಪಿಸಿಐ ಕಮಾಂಡಿಗೆ ‘ಮೈನಸ್ ಕೆ’ ಸೇರಿಸಿ ಓಡಿಸಿದರೆ ಗ್ರಾಫಿಕ್ಸ್ ಚಿಪ್‌ನ ಕೆಳಗೆ, ಈಗ ಬಳಕೆಯಲ್ಲಿರುವ ಡ್ರೈವರ್‌ನ ಹೆಸರು ಬರಬೇಕು. ಇಂಟೆಲ್ ಆದರೆ ಐ915 ಅಥವಾ ಹೊಸ ಚಿಪ್‌ಗಳಲ್ಲಿ ಎಕ್ಸ್‌ಇ. ಎಎಂಡಿ ಆದರೆ ಎಎಂಡಿಜಿಪಿಯು, ಹಳೆಯದಾದರೆ ರೇಡಿಯಾನ್. ಎನ್‌ವಿಡಿಯಾ ಆದರೆ ನೋವೋ ಅಥವಾ ಕಂಪನಿಯದೇ ಡ್ರೈವರ್. ಆ ಸಾಲೇ ಇಲ್ಲದಿದ್ದರೆ ಡ್ರೈವರ್ ಸರಿಹೋಗುವವರೆಗೆ ಬೇರೆ ಯಾವ ಪರಿಹಾರವನ್ನೂ ಮುಟ್ಟಬೇಡಿ.

ಸ್ವಂತ ಪರದೆ 1024×768ಕ್ಕೆ ಅಂಟಿಕೊಂಡಿದ್ದರೆ

ರೆಸಲ್ಯೂಷನ್ ನಿಗದಿ ಮಾಡುವ ಹೊಣೆಯನ್ನು ಇಂದಿನ ಲಿನಕ್ಸ್‌ನಲ್ಲಿ ಕರ್ನಲ್ ಹೊತ್ತಿದೆ. ಇಂಟೆಲ್ ಚಿಪ್‌ಗಳಿಗೆ ಈ ವ್ಯವಸ್ಥೆ ಬಂದದ್ದು 2009ರ 2.6.29 ಆವೃತ್ತಿಯಲ್ಲಿ; ಉಳಿದವು ನಂತರ ಸೇರಿಕೊಂಡವು. ಕರ್ನಲ್‌ಗೆ ಸರಿಯಾದ ಡ್ರೈವರ್ ಸಿಗದಿದ್ದರೆ ಅದು ಫರ್ಮ್‌ವೇರ್ (ಯಂತ್ರವನ್ನು ಚಾಲೂ ಮಾಡುವ ಒಳಗಿನ ತಂತ್ರಾಂಶ) ಬಿಟ್ಟುಹೋದ ರೆಸಲ್ಯೂಷನ್‌ನಲ್ಲೇ ಮುಂದುವರಿಯುತ್ತದೆ. ಆ ಸ್ಥಿತಿಯಲ್ಲಿ ಹೊಸ ಮೋಡ್ (ರೆಸಲ್ಯೂಷನ್ ಮತ್ತು ಆವರ್ತನದ ಜೋಡಿ) ಸೇರಿಸಿ ಉಪಯೋಗವಿಲ್ಲ. ಮೋಡ್ ಬದಲಿಸಬಲ್ಲವರೇ ಅಲ್ಲಿ ಇಲ್ಲ.

ಈ ಗುಂಪಿನಲ್ಲಿ ಅತಿ ಸಾಮಾನ್ಯ, ಅತಿ ಸುಲಭವಾಗಿ ಸರಿಹೋಗುವ ಕಾರಣ ‘ನೋಮೋಡ್‌ಸೆಟ್’ ಎಂಬ ಬೂಟ್ ಪದ, ಅಂದರೆ ಯಂತ್ರ ಆರಂಭವಾಗುವಾಗ ಕರ್ನಲ್‌ಗೆ ಕೊಡುವ ಸೂಚನೆ. ಉಬುಂಟುವಿನ ‘ಸೇಫ್ ಗ್ರಾಫಿಕ್ಸ್’ ಆಯ್ಕೆ ಇದನ್ನೇ ಬಳಸುತ್ತದೆ. ಕಪ್ಪು ಪರದೆ ಬಂದಾಗ ಅನುಸ್ಥಾಪನೆ ಮುಗಿಸಲು ಅದು ಒಳ್ಳೆಯ ಊರುಗೋಲು. ಆದರೆ ಕೆಲವೊಮ್ಮೆ ಆ ಪದ ಅನುಸ್ಥಾಪಿತ ವ್ಯವಸ್ಥೆಯ ಗ್ರಬ್ (ಲಿನಕ್ಸ್ ಅನ್ನು ಆರಂಭಿಸುವ ತಂತ್ರಾಂಶ) ಸಂರಚನೆಯಲ್ಲೂ ಉಳಿದುಬಿಡುತ್ತದೆ, ಪ್ರತಿ ಬೂಟ್‌ನಲ್ಲೂ ಡ್ರೈವರ್‌ನ ಕೈ ಕಟ್ಟಿಹಾಕುತ್ತದೆ. ಪ್ರೋಕ್ ಡೈರೆಕ್ಟರಿಯ ಸಿಎಂಡಿಲೈನ್ ಕಡತವನ್ನು ಓದಿದರೆ ಆ ಪದ ಅಲ್ಲಿದೆಯೇ ಎಂದು ತಕ್ಷಣ ತಿಳಿಯುತ್ತದೆ. ಇದ್ದರೆ ಇಟಿಸಿಯ ಒಳಗಿನ ಡೀಫಾಲ್ಟ್ ಡೈರೆಕ್ಟರಿಯಲ್ಲಿರುವ ಗ್ರಬ್ ಕಡತದಿಂದ ಅದನ್ನು ತೆಗೆದು, ಗ್ರಬ್ ಅನ್ನು ಅಪ್‌ಡೇಟ್ ಮಾಡಿ, ಯಂತ್ರವನ್ನು ಮತ್ತೆ ಬೂಟ್ ಮಾಡಿದರೆ ಸಾಕು. ನೋಮೋಡ್‌ಸೆಟ್ ಅನ್ನೇ ರೆಸಲ್ಯೂಷನ್‌ಗೆ ‘ಪರಿಹಾರ’ವೆಂದು ಹಂಚುವ ಸಲಹೆಗಳೂ ಸಿಗುತ್ತವೆ. ಅವನ್ನು ನಂಬಬೇಡಿ, ಅದು ರೋಗವನ್ನೇ ಮದ್ದೆಂದು ಕೊಟ್ಟ ಹಾಗೆ.

ನೋಮೋಡ್‌ಸೆಟ್ ಇಲ್ಲ, ಆದರೂ ಡ್ರೈವರ್ ಇಲ್ಲ ಎಂದಾದರೆ ಆಯ್ಕೆ ಯಂತ್ರದ ವಯಸ್ಸನ್ನು ಅವಲಂಬಿಸಿರುತ್ತದೆ. ಯಂತ್ರ ಹೊಸದು, ಡಿಸ್ಟ್ರೋ (ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ವಿತರಣೆ) ಹಳೆಯದು ಎಂದರೆ ಹೊಸ ಕರ್ನಲ್ ಬೇಕು. ಉಬುಂಟು ಎಲ್‌ಟಿಎಸ್‌ನಲ್ಲಿ ಎಚ್‌ಡಬ್ಲ್ಯೂಇ ಕರ್ನಲ್, ಡೆಬಿಯನ್‌ನಲ್ಲಿ ಬ್ಯಾಕ್‌ಪೋರ್ಟ್ಸ್ ಇದಕ್ಕಾಗಿಯೇ ಇವೆ. ಖಚಿತಪಡಿಸಿಕೊಳ್ಳಲು ಹೊಸದೊಂದು ಡಿಸ್ಟ್ರೋವನ್ನು ಯುಎಸ್‌ಬಿಯಿಂದ ಲೈವ್ ಆಗಿ ಓಡಿಸಿ ನೋಡಿ. ಅಲ್ಲಿ ಪರದೆ ಸರಿಯಾಗಿ ಬಂದರೆ ಕರ್ನಲ್ ಅಥವಾ ಅದರ ಜೊತೆಗೆ ಬರುವ, ಗ್ರಾಫಿಕ್ಸ್ ಚಿಪ್‌ಗೆ ತುಂಬುವ ಫರ್ಮ್‌ವೇರ್ ಹಳತಾಗಿರುವುದೇ ಕಾರಣ. ಇಡೀ ವ್ಯವಸ್ಥೆಯನ್ನು ಅಳಿಸಿ ಹೊಸದಾಗಿ ಹಾಕುವ ಅಗತ್ಯವಿಲ್ಲ, ಆ ಎರಡನ್ನು ಮಾತ್ರ ಮೇಲ್ದರ್ಜೆಗೇರಿಸಿದರೆ ಸಾಕು. ಫರ್ಮ್‌ವೇರ್ ವಿಷಯದಲ್ಲಿ ಡೆಬಿಯನ್ ಬಳಸುವವರಿಗೆ ಒಂದು ಮಾತು: 2023ರ ಡೆಬಿಯನ್ 12ರಿಂದ ಮುಕ್ತವಲ್ಲದ ಫರ್ಮ್‌ವೇರ್ ಅಧಿಕೃತ ಅನುಸ್ಥಾಪಕದಲ್ಲೇ ಸೇರಿದೆ. ಅದಕ್ಕಿಂತ ಹಳೆಯ ಆವೃತ್ತಿಯಿಂದ ಬಂದ ವ್ಯವಸ್ಥೆಯಲ್ಲಿ, ಮುಖ್ಯವಾಗಿ ಎಎಂಡಿ ಚಿಪ್ ಇದ್ದರೆ, ಅದನ್ನು ಕೈಯಾರೆ ಹಾಕಬೇಕಾಗಬಹುದು.

ಎನ್‌ವಿಡಿಯಾ ಇದ್ದವರ ಮುಂದೆ ಮೂರು ದಾರಿಗಳಿವೆ. ಕರ್ನಲ್ ಜೊತೆಗೇ ಬರುವ ನೋವೋ, ಡಿಸ್ಟ್ರೋ ಕೊಡುವ ಎನ್‌ವಿಡಿಯಾ ಪ್ಯಾಕೇಜ್, ಕಂಪನಿಯ ಜಾಲತಾಣದಿಂದ ನೇರವಾಗಿ ಇಳಿಸಿಕೊಳ್ಳುವ ಅನುಸ್ಥಾಪಕ. ಸರಿಯಾದ ರೆಸಲ್ಯೂಷನ್ ಬಂದರೆ ಸಾಕು, ಆಟ, ವಿಡಿಯೊ ಸಂಕಲನದ ಗೋಜಿಲ್ಲ ಎನ್ನುವವರಿಗೆ ನೋವೋ ಸಾಲುತ್ತದೆ. ಉಳಿದವರಿಗೆ ಡಿಸ್ಟ್ರೋ ಪ್ಯಾಕೇಜ್. ಮೂರನೆಯದನ್ನು ನಾನು ಯಾರಿಗೂ ಹೇಳುವುದಿಲ್ಲ: ಪ್ಯಾಕೇಜ್ ವ್ಯವಸ್ಥೆಗೆ ಅದರ ಸುಳಿವೇ ಇರದ ಕಾರಣ ಕರ್ನಲ್ ಬದಲಾದಾಗ ಮತ್ತೆ 1024×768ಕ್ಕೆ ಬಂದು ನಿಲ್ಲುವ ಸಾಧ್ಯತೆ ಹೆಚ್ಚು. ಡಿಸ್ಟ್ರೋ ಪ್ಯಾಕೇಜ್ ಹಾಕಿದ ಮೇಲೂ ಡ್ರೈವರ್ ಏಳದಿದ್ದರೆ ಸೆಕ್ಯೂರ್ ಬೂಟ್ ಕಡೆ ನೋಡಿ. ಸಹಿ ಇಲ್ಲದ ಡ್ರೈವರ್ ಮಾಡ್ಯೂಲನ್ನು ಅದು ಒಳಗೆ ಬಿಡುವುದಿಲ್ಲ. ಫರ್ಮ್‌ವೇರ್‌ನಲ್ಲಿ ಅದನ್ನು ನಿಷ್ಕ್ರಿಯಗೊಳಿಸಬಹುದು, ಇಲ್ಲವೇ ಎಂಓಕೆಯುಟಿಲ್ ಮೂಲಕ ಸಹಿಯ ಕೀಲಿಯನ್ನು ನೋಂದಾಯಿಸಬಹುದು. ಎರಡನೆಯದಕ್ಕೆ ಒಮ್ಮೆ ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ಭದ್ರತೆ ಉಳಿಯುತ್ತದೆ, ಅದೇ ವಾಸಿ. ಚಿಪ್ ಹಳೆಯದಾದರೆ ಇನ್ನೊಂದು ಎಚ್ಚರ: ಕೆಪ್ಲರ್ ಪೀಳಿಗೆಗೆ 470, ಫರ್ಮಿ ಪೀಳಿಗೆಗೆ 390, ಇವೇ ಕೊನೆಯ ಡ್ರೈವರ್ ಸರಣಿಗಳು. ಹೊಸದನ್ನು ಹಾಕಿದರೆ ಅದು ಚಿಪ್ ಅನ್ನು ಗುರುತಿಸುವುದೇ ಇಲ್ಲ.

ರೆಸಲ್ಯೂಷನ್ ಸರಿ, ಅಕ್ಷರ ಸಣ್ಣದು

14 ಇಂಚಿನ ಪರದೆಯಲ್ಲಿ 1920×1080 ಎಂದರೆ ಇಂಚಿಗೆ ಸುಮಾರು 157 ಪಿಕ್ಸೆಲ್. 13.3 ಇಂಚಿನಲ್ಲಿ 2560×1600 ಆದರೆ 227. ಡೆಸ್ಕ್‌ಟಾಪ್‌ಗಳ ವಿನ್ಯಾಸ ಬಹುಕಾಲ ಇಂಚಿಗೆ 96 ಎಂಬ ಲೆಕ್ಕದ ಮೇಲೆ ನಿಂತಿತ್ತು. ಹಾಗಾಗಿ ಇಂಥ ಪರದೆಯಲ್ಲಿ ಎಲ್ಲವೂ ಕುಗ್ಗಿ ಕಾಣುತ್ತದೆ, ಜನ ರೆಸಲ್ಯೂಷನ್ ಇಳಿಸುತ್ತಾರೆ.

ಇಳಿಸಬೇಡಿ. ಎಲ್‌ಸಿಡಿಯ ಪಿಕ್ಸೆಲ್‌ಗಳ ಸಂಖ್ಯೆ ಬದಲಾಗುವುದಿಲ್ಲ. 1920×1080 ಪರದೆಯನ್ನು 1366×768ಕ್ಕೆ ಇಳಿಸಿದಾಗ ಪ್ರತಿ ಪಿಕ್ಸೆಲ್ 1.4 ಪಿಕ್ಸೆಲ್‌ಗಳ ಮೇಲೆ ಹರಡಬೇಕು. ಅಕ್ಷರದ ಅಂಚು ಕಲಸಿಹೋಗುತ್ತದೆ. ಕನ್ನಡದಂಥ ಒತ್ತು, ಕೊಂಬು, ವಟ್ರಸುಳಿಗಳ ಲಿಪಿಯಲ್ಲಿ ಇದು ಇನ್ನೂ ಬೇಗ ಕಣ್ಣಿಗೆ ಬೀಳುತ್ತದೆ. ಆಟಗಳಿಗೆ, ದುರ್ಬಲ ಗ್ರಾಫಿಕ್ಸ್ ಚಿಪ್‌ನ ಹೊರೆ ತಗ್ಗಿಸಲು ಇಳಿಸುವುದು ಬೇರೆ ಮಾತು.

ಉಳಿಯುವ ಆಯ್ಕೆಗಳು ಎರಡು: ಪೂರ್ತಿ ಡೆಸ್ಕ್‌ಟಾಪ್ ಅನ್ನು ಹಿಗ್ಗಿಸುವ ಸ್ಕೇಲಿಂಗ್, ಅಥವಾ ಅಕ್ಷರವನ್ನಷ್ಟೇ ದೊಡ್ಡದು ಮಾಡುವುದು. 200 ಪ್ರತಿಶತ ಸ್ಕೇಲಿಂಗ್ ಎಲ್ಲಕ್ಕಿಂತ ಶುಭ್ರ. 3840×2160 ಪರದೆಯಲ್ಲಿ ಅದನ್ನು ಹಾಕಿದರೆ 1920×1080ರಷ್ಟು ಜಾಗ, ನಾಲ್ಕು ಪಟ್ಟು ಸ್ಫುಟತೆ. ತೊಂದರೆ ಬರುವುದು ನಡುವಿನ ಪರದೆಗಳಿಗೆ, ಅಂದರೆ 125 ಅಥವಾ 150 ಬೇಕಾಗುವವರಿಗೆ. ಕೆಡಿಇ ಪ್ಲಾಸ್ಮಾ ಎಂಬ ಡೆಸ್ಕ್‌ಟಾಪ್‌ನ ವೇಲ್ಯಾಂಡ್ ಅವಧಿ (ಸೆಷನ್) ಇದನ್ನು ಚೆನ್ನಾಗಿ ನಿಭಾಯಿಸುತ್ತದೆ. ವೇಲ್ಯಾಂಡ್‌ಗೆ ಇನ್ನೂ ಬಾರದ ಹಳೆಯ ಆ್ಯಪ್‌ಗಳು ತಾವೇ ಹಿಗ್ಗಬೇಕೋ, ವ್ಯವಸ್ಥೆ ಅವನ್ನು ಹಿಗ್ಗಿಸಬೇಕೋ ಎಂದು ಆರಿಸುವ ಸೌಲಭ್ಯವೂ ಅದರಲ್ಲಿದೆ. ಮೊದಲನೆಯದನ್ನು ಆರಿಸಿದರೆ ಮಸುಕು ಹೋಗುತ್ತದೆ. ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಭಿನ್ನಾಂಶ ಸ್ಕೇಲಿಂಗ್ ಹಾಕಿದಾಗ ಅಂಥ ಆ್ಯಪ್‌ಗಳು ಮಸುಕಾಗಿ ಕಂಡರೆ, ಸ್ಕೇಲಿಂಗ್ ಅನ್ನು 100ಕ್ಕೇ ಬಿಟ್ಟು ಅಕ್ಷರದ ಗಾತ್ರವನ್ನು 1.25 ಪಟ್ಟು ಮಾಡುವುದು ನನಗೆ ಹೆಚ್ಚು ಹಿಡಿಸಿದ ದಾರಿ. ಐಕಾನ್‌ಗಳು ಸ್ವಲ್ಪ ಸಣ್ಣದಾಗಿ ಉಳಿಯುತ್ತವೆ, ಆದರೆ ಯಾವುದೂ ಮಸುಕಾಗುವುದಿಲ್ಲ, ಗ್ರಾಫಿಕ್ಸ್ ಚಿಪ್‌ಗೆ ಹೊರೆಯೂ ಇಲ್ಲ.

ಹೆಚ್ಚು ಸಾಂದ್ರತೆಯ ಲ್ಯಾಪ್‌ಟಾಪ್ ಪರದೆ, ಅದರ ಪಕ್ಕದಲ್ಲಿ ಸಾಧಾರಣ ಮಾನಿಟರ್ ಇಟ್ಟುಕೊಂಡವರಿಗೆ ವೇಲ್ಯಾಂಡ್ ಬಿಟ್ಟು ಬೇರೆ ಸುಖವಿಲ್ಲ. ಪ್ರತಿ ಪರದೆಗೂ ಬೇರೆ ಸ್ಕೇಲ್ ಎಂಬುದು ಅದರಲ್ಲಿ ಸಹಜ. ಎಕ್ಸ್11ನಲ್ಲಿ ಅಕ್ಷರ ಸಾಂದ್ರತೆಯ ಲೆಕ್ಕ ಇಡೀ ಅವಧಿಗೆ ಒಂದೇ; ಎಕ್ಸ್‌ರ್ಯಾಂಡರ್‌ನ ಸ್ಕೇಲ್ ಆಯ್ಕೆಯಿಂದ ತಂತ್ರ ಹೂಡಬಹುದಾದರೂ ಫಲಿತಾಂಶ ಮಸುಕು.

ಹೊರಗಿನ ಮಾನಿಟರ್

ಮಾನಿಟರ್ ತನ್ನ ಸಾಮರ್ಥ್ಯವನ್ನು ಇಡಿಐಡಿ ಎಂಬ ಸಣ್ಣ ದತ್ತಾಂಶದ ಮೂಲಕ ಹೇಳಿಕೊಳ್ಳುತ್ತದೆ. ಮೂಲ ಭಾಗ 128 ಬೈಟ್, ವಿಸ್ತರಣೆಗಳೂ ತಲಾ ಅಷ್ಟೇ. ಇದು ತಲುಪದಿದ್ದರೆ ಲಿನಕ್ಸ್ ಕರ್ನಲ್ ಜಾಗ್ರತೆ ವಹಿಸಿ 1024×768ರವರೆಗಿನ ಮೋಡ್‌ಗಳನ್ನಷ್ಟೇ ಕೊಡುತ್ತದೆ. ಹೊರಗಿನ ಮಾನಿಟರ್ ಆ ಸಂಖ್ಯೆಗೆ ಸಿಕ್ಕಿಬಿದ್ದಾಗ ಇಡಿಐಡಿ ಕಳೆದುಹೋಗಿದೆ ಎಂಬ ಊಹೆ ಬಹುಮಟ್ಟಿಗೆ ನಿಜವಾಗುತ್ತದೆ. ಸಿಸ್ ಡೈರೆಕ್ಟರಿಯ ಕ್ಲಾಸ್, ಅದರೊಳಗಿನ ಡಿಆರ್‌ಎಂ ವಿಭಾಗದಲ್ಲಿ ಪ್ರತಿ ಕನೆಕ್ಟರಿಗೂ ಒಂದು ಇಡಿಐಡಿ ಕಡತವಿದೆ. ಕಡತಗಳ ಪಟ್ಟಿಯಲ್ಲಿ ಅದರ ಗಾತ್ರ ಯಾವಾಗಲೂ ಸೊನ್ನೆ ಎಂದೇ ತೋರಿಸುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಕಡತವನ್ನು ಓದಿ ಬೈಟ್‌ಗಳನ್ನು ಎಣಿಸಿದಾಗಲೂ ಸೊನ್ನೆ ಬಂದರೆ ಮಾತ್ರ ಅದು ಖಾಲಿ.

ಖಾಲಿಯಾಗಿದ್ದರೆ ಮೊದಲ ಪರಿಹಾರ ಬೇರೆ ಕೇಬಲ್. ಎರಡನೆಯದೂ ಬೇರೆ ಕೇಬಲ್, ಈ ಬಾರಿ ಅಡಾಪ್ಟರ್ ಇಲ್ಲದೆ. ವಿಜಿಎ ಅಡಾಪ್ಟರ್‌ಗಳು, ಒಂದೇ ಮಾನಿಟರನ್ನು ಹಲವು ಯಂತ್ರಗಳಿಗೆ ಹಂಚುವ ಕೆವಿಎಂ ಸ್ವಿಚ್‌ಗಳು ಇಡಿಐಡಿಯನ್ನು ನುಂಗಿಹಾಕುವುದರಲ್ಲಿ ನಿಪುಣ. ಇದು ಕಮಾಂಡ್‌ಗಳಷ್ಟು ರೋಚಕವಲ್ಲ ಎಂಬುದು ನಿಜ.

ಕೇಬಲ್ ಬದಲಿಸಲಾಗದಿದ್ದರೆ ಅಥವಾ ಮಾನಿಟರ್‌ನ ಇಡಿಐಡಿಯೇ ಕೆಟ್ಟಿದ್ದರೆ ಆಗ ಬಲವಂತದ ಮೂರು ದಾರಿಗಳ ನಡುವೆ ಆರಿಸಬೇಕು.

ಎಕ್ಸ್‌ರ್ಯಾಂಡರ್‌ನ ದೊಡ್ಡ ಗುಣ, ತಕ್ಷಣ ಪರೀಕ್ಷಿಸಬಹುದು, ಕೆಟ್ಟರೆ ಲಾಗ್‌ಔಟ್ ಮಾಡಿದರೆ ಹೋಗುತ್ತದೆ. ಅದೇ ಅದರ ದೋಷವೂ ಹೌದು: ಉಳಿಸಿಕೊಳ್ಳಬೇಕೆಂದರೆ ಎಕ್ಸ್‌ಪ್ರೊಫೈಲ್ ಕಡತದಲ್ಲೋ ಎಕ್ಸ್11ನ ಸರ್ವರ್ ಆದ ಎಕ್ಸ್‌ಆರ್ಗ್‌ನ ಸಂರಚನೆಯಲ್ಲೋ ಬರೆಯಬೇಕು. ಎಲ್ಲಕ್ಕಿಂತ ದೊಡ್ಡ ಮಿತಿ, ಇದು ಎಕ್ಸ್11ಗೆ ಮಾತ್ರ. ವೇಲ್ಯಾಂಡ್‌ನಲ್ಲಿ ಕಮಾಂಡ್ ಓಡುತ್ತದೆ, ಪಟ್ಟಿಯನ್ನೂ ತೋರಿಸುತ್ತದೆ, ಆದರೆ ಹೊಸ ಮೋಡ್ ಸೇರಿಸಲು ಆಗುವುದಿಲ್ಲ. 2024ರ ಫೆಬ್ರವರಿಯಲ್ಲಿ ಬಂದ ಪ್ಲಾಸ್ಮಾ 6ರಲ್ಲಿ ವೇಲ್ಯಾಂಡ್ ಪೂರ್ವನಿಯೋಜಿತ, ಉಬುಂಟು 25.10ರಲ್ಲಿ ಗ್ನೋಮ್‌ನ ಎಕ್ಸ್11 ಅವಧಿಯನ್ನೇ ಕೈಬಿಡಲಾಗಿದೆ. ಈ ಮದ್ದಿನ ಆಯುಷ್ಯ ಮುಗಿಯುತ್ತಾ ಬಂದಿದೆ.

ಇದನ್ನು ಬಳಸುವವರು ಎಡವುವ ಜಾಗ ಒಂದಿದೆ. ಮೋಡ್‌ನ ಸಾಲನ್ನು ಸಿದ್ಧಪಡಿಸಲು ಸಿವಿಟಿ ಕಮಾಂಡಿಗೆ 1920, 1080, 60 ಕೊಟ್ಟರೆ ಅದು 173 ಮೆಗಾಹರ್ಟ್ಸ್ ಪಿಕ್ಸೆಲ್ ಗಡಿಯಾರದ (ಪಿಕ್ಸೆಲ್‌ಗಳನ್ನು ಕಳಿಸುವ ವೇಗದ) ಸಾಲನ್ನು ಕೊಡುತ್ತದೆ. ಹಳೆಯ ಎಚ್‌ಡಿಎಂಐ ಮತ್ತು ಸಿಂಗಲ್ ಲಿಂಕ್ ಡಿವಿಐಯ ಮಿತಿ 165. ಮಾನಿಟರ್ ಕಪ್ಪಾಗುತ್ತದೆ, ಬಳಕೆದಾರ ‘ಲಿನಕ್ಸ್‌ನಲ್ಲಿ ಇದು ಆಗುವುದಿಲ್ಲ’ ಎಂದು ತೀರ್ಮಾನಿಸುತ್ತಾನೆ. ಅದೇ ಕಮಾಂಡಿಗೆ ‘ಮೈನಸ್ ಆರ್’ ಸೇರಿಸಿದರೆ ಚಿತ್ರಗಳ ನಡುವಿನ ಖಾಲಿ ಸಮಯ ತಗ್ಗಿ 138.5 ಮೆಗಾಹರ್ಟ್ಸ್‌ನ ಸಾಲು ಬರುತ್ತದೆ. ಟಿವಿಗಳು ಬಳಸುವ ಪ್ರಮಾಣಿತ ಸಾಲಿನದು 148.5. ಎರಡೂ ಮಿತಿಯೊಳಗಿವೆ.

ಎರಡನೆಯ ದಾರಿ ಕರ್ನಲ್‌ನ ‘ವಿಡಿಯೊ’ ಬೂಟ್ ಪದ. ಕನೆಕ್ಟರ್‌ನ ಹೆಸರು, ರೆಸಲ್ಯೂಷನ್, ಆವರ್ತನ ಕೊಟ್ಟರೆ ಕರ್ನಲ್ ಆ ಮೋಡನ್ನು ಪಟ್ಟಿಗೆ ಸೇರಿಸುತ್ತದೆ. ಎಕ್ಸ್11, ವೇಲ್ಯಾಂಡ್ ಎರಡಕ್ಕೂ, ಲಾಗಿನ್ ಪರದೆಗೂ ಇದು ಅನ್ವಯಿಸುತ್ತದೆ. ವೇಲ್ಯಾಂಡ್ ಬಳಸುವ ಸಾಮಾನ್ಯ ಓದುಗರಿಗೆ ನನ್ನ ಆಯ್ಕೆ ಇದು. ಕನೆಕ್ಟರ್ ಹೆಸರಿನಲ್ಲಿ ಎಚ್ಚರವಿರಲಿ: ಎಕ್ಸ್‌ರ್ಯಾಂಡರ್ ‘ಎಚ್‌ಡಿಎಂಐ-1’ ಎನ್ನುವುದನ್ನು ಕರ್ನಲ್ ‘ಎಚ್‌ಡಿಎಂಐ-ಎ-1’ ಎನ್ನುತ್ತದೆ. ಸರಿಯಾದ ಹೆಸರು ಮೇಲೆ ಹೇಳಿದ ಡಿಆರ್‌ಎಂ ವಿಭಾಗದಲ್ಲಿ ಸಿಗುತ್ತದೆ. ಕಡತದಲ್ಲಿ ಬರೆಯುವ ಮೊದಲು ಗ್ರಬ್ ಮೆನುವಿನಲ್ಲಿ ‘ಇ’ ಕೀಲಿ ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಗೆ ಸೇರಿಸಿ, ಎಫ್10 ಒತ್ತಿ ನೋಡಿ. ಅದು ಆ ಒಂದು ಬೂಟ್‌ಗೆ ಮಾತ್ರ ಇರುತ್ತದೆ.

ಮೂರನೆಯದು, ಇಡಿಐಡಿ ಕಡತವನ್ನೇ ಕರ್ನಲ್‌ಗೆ ಉಣಿಸುವುದು. ಅದೇ ಮಾನಿಟರ್ ಸರಿಯಾದ ಕೇಬಲ್‌ನಲ್ಲಿದ್ದಾಗ ಸೆರೆಹಿಡಿದ ಕಡತವನ್ನು ಫರ್ಮ್‌ವೇರ್ ಡೈರೆಕ್ಟರಿಯ ಇಡಿಐಡಿ ವಿಭಾಗದಲ್ಲಿಟ್ಟು ಬೂಟ್ ಪದದಲ್ಲಿ ಸೂಚಿಸಬೇಕು. ಡ್ರೈವರ್ ಬೇಗ ಲೋಡ್ ಆಗುವ ವ್ಯವಸ್ಥೆಯಲ್ಲಿ ಇನಿಟ್‌ರ್ಯಾಮ್‌ಎಫ್‌ಎಸ್‌ನಲ್ಲೂ (ಬೂಟ್‌ನ ಆರಂಭದಲ್ಲಿ ಲೋಡ್ ಆಗುವ ಸಣ್ಣ ಕಡತ ವ್ಯವಸ್ಥೆ) ಸೇರಿಸಬೇಕು. ಎಲ್ಲ ಮೋಡ್‌ಗಳು, ಧ್ವನಿಯ ಸಾಮರ್ಥ್ಯ, ಭೌತಿಕ ಗಾತ್ರ ಎಲ್ಲವೂ ಒಟ್ಟಿಗೆ ಸರಿಹೋಗುತ್ತವೆ. ಮೇಜಿನ ಮೇಲಿನಿಂದ ಕದಲದ ಯಂತ್ರಕ್ಕೆ ಇದಕ್ಕಿಂತ ಪೂರ್ಣವಾದ ಪರಿಹಾರವಿಲ್ಲ. ಆದರೆ ಕಡತ ಅಂಟಿಕೊಳ್ಳುವುದು ಪೋರ್ಟಿಗೆ, ಮಾನಿಟರಿಗಲ್ಲ. ಅದೇ ಪೋರ್ಟಿಗೆ ನಾಳೆ ಸಭಾಂಗಣದ ಪ್ರೊಜೆಕ್ಟರ್ ಜೋಡಿಸಿದರೆ ಕರ್ನಲ್ ಅದನ್ನೂ ಹಳೆಯ ಮಾನಿಟರ್ ಎಂದೇ ನಂಬುತ್ತದೆ. ಲ್ಯಾಪ್‌ಟಾಪ್ ಹೊತ್ತು ತಿರುಗುವವರು ಇದನ್ನು ಆರಿಸದಿರುವುದು ಲೇಸು.

ಯಾವ ತಂತ್ರಾಂಶಕ್ಕೂ ಬಗ್ಗದ ಮಿತಿಗಳೂ ಇವೆ. 3840×2160 ರೆಸಲ್ಯೂಷನ್ 60 ಹರ್ಟ್ಸ್‌ಗೆ 594 ಮೆಗಾಹರ್ಟ್ಸ್ ಬೇಡುತ್ತದೆ, ಎಚ್‌ಡಿಎಂಐ 1.4 ಕೊಡುವುದು 340. ಅಲ್ಲಿ 30 ಹರ್ಟ್ಸ್‌ಗೆ ತೃಪ್ತರಾಗಬೇಕು, ಇಲ್ಲವೇ ಡಿಸ್‌ಪ್ಲೇಪೋರ್ಟ್ ಅಥವಾ ಯುಎಸ್‌ಬಿ-ಸಿ ದಾರಿ ಹಿಡಿಯಬೇಕು. ಎಎಂಡಿಯ ಮುಕ್ತ ಡ್ರೈವರ್‌ನಲ್ಲಿ ಎಚ್‌ಡಿಎಂಐ 2.1 ಅಳವಡಿಸುವ ಪ್ರಸ್ತಾಪವನ್ನು ಆ ಮಾನದಂಡ ರೂಪಿಸುವ ಎಚ್‌ಡಿಎಂಐ ಫೋರಂ ಒಪ್ಪಲಿಲ್ಲ ಎಂಬುದು 2024ರಲ್ಲಿ ಬಹಿರಂಗವಾಯಿತು. 120 ಹರ್ಟ್ಸ್ 4ಕೆ ಬೇಕೆನ್ನುವ ಎಎಂಡಿ ಬಳಕೆದಾರರಿಗೂ ಡಿಸ್‌ಪ್ಲೇಪೋರ್ಟ್ ಸುಲಭದ ದಾರಿ. ಡಾಕ್‌ಗಳಲ್ಲಿ, ಚಿತ್ರವನ್ನು ಯುಎಸ್‌ಬಿ ದತ್ತಾಂಶವಾಗಿ ಸಾಗಿಸುವ ಡಿಸ್‌ಪ್ಲೇಲಿಂಕ್ ಬಗೆಯವಕ್ಕೆ ಇವಿಡಿಐ ಎಂಬ ಪ್ರತ್ಯೇಕ ಮಾಡ್ಯೂಲ್ ಬೇಕು, ಕರ್ನಲ್ ಬದಲಾದಾಗೆಲ್ಲ ಅದನ್ನು ಮತ್ತೆ ಕಟ್ಟಬೇಕು. ಆರಿಸುವ ಅವಕಾಶವಿದ್ದರೆ ಯುಎಸ್‌ಬಿ-ಸಿಯ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಬಳಸುವ ಡಾಕ್ ಕೊಳ್ಳಿ. ಎರಡು ಗ್ರಾಫಿಕ್ಸ್ ಚಿಪ್‌ಗಳಿರುವ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ನೇರವಾಗಿ ಎನ್‌ವಿಡಿಯಾಗೆ ಜೋಡಣೆಯಾಗಿರುತ್ತದೆ. ಅದರ ಡ್ರೈವರ್ ಇಲ್ಲದಿದ್ದರೆ ಮಾನಿಟರ್ ಕಾಣುವುದೇ ಇಲ್ಲ.

ಹಿಂದೆ ಬರುವ ದಾರಿ

ಎಕ್ಸ್‌ಆರ್ಗ್‌ನ ಇಡೀ ಸಂರಚನಾ ಕಡತವನ್ನು ಉತ್ಪಾದಿಸಿ ಇಡುವ ಹಳೆಯ ಸಲಹೆಯನ್ನು ಪಾಲಿಸಬೇಡಿ. ಡ್ರೈವರ್ ಬದಲಾದ ಮೇಲೂ ಅದು ಹಳೆಯ ಡ್ರೈವರನ್ನೇ ಕೇಳುತ್ತಾ ಕೂರುತ್ತದೆ. ಹಿಂದೆ ಎಂದೋ ಅಂಥದ್ದೊಂದು ಉಳಿದಿದ್ದರೆ ಅದರ ಹೆಸರು ಬದಲಿಸಿ ಪರೀಕ್ಷಿಸಿ.

ಸೆಟ್ಟಿಂಗ್ಸ್‌ನಲ್ಲಿ ಏನೋ ಬದಲಿಸಿ ಪರದೆ ಕಪ್ಪಾದರೆ ಕೆಲವು ಸೆಕೆಂಡು ಸುಮ್ಮನಿರಿ, ಡೆಸ್ಕ್‌ಟಾಪ್ ತಾನೇ ಹಿಂದಿನ ಸ್ಥಿತಿಗೆ ಮರಳುತ್ತದೆ. ಮರಳದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಪಠ್ಯದ ಕನ್ಸೋಲ್‌ನಲ್ಲಿ ಲಾಗಿನ್ ಆಗಿ, ಮನೆ ಡೈರೆಕ್ಟರಿಯ ಡಾಟ್ ಕಾನ್ಫಿಗ್ ಒಳಗಿನ ಪರದೆಯ ಕಡತವನ್ನು ಅಳಿಸಿ. ಗ್ನೋಮ್‌ನಲ್ಲಿ ಅದರ ಹೆಸರು ಮಾನಿಟರ್ಸ್ ಡಾಟ್ ಎಕ್ಸ್‌ಎಂಎಲ್. ಪ್ಲಾಸ್ಮಾ 6ರ ವೇಲ್ಯಾಂಡ್‌ನಲ್ಲಿ ಕೆವಿನ್‌ಔಟ್‌ಪುಟ್‌ಕಾನ್ಫಿಗ್ ಡಾಟ್ ಜೇಸನ್. ಕನ್ಸೋಲ್ ಕೂಡ ಕಾಣದಿದ್ದರೆ ತಪ್ಪಿರುವುದು ಬೂಟ್ ಪದದಲ್ಲಿ. ಗ್ರಬ್ ಮೆನುವಿಗೆ ಹೋಗಿ, ‘ಇ’ ಒತ್ತಿ, ಸೇರಿಸಿದ್ದನ್ನು ಅಳಿಸಿ ಬೂಟ್ ಮಾಡಿ. ಒಳಗೆ ಬಂದ ಕೂಡಲೇ ಗ್ರಬ್ ಕಡತದಿಂದಲೂ ಅದನ್ನು ತೆಗೆದು ಅಪ್‌ಡೇಟ್ ಮಾಡಿ, ಇಲ್ಲದಿದ್ದರೆ ಮುಂದಿನ ಬೂಟ್‌ನಲ್ಲಿ ಮತ್ತೆ ಅದೇ ಕಪ್ಪು ಪರದೆ.